ಗೀಸರ್ ಆನ್ ಇದೆ, ನೀರು ಮಾತ್ರ ತಣ್ಣಗೆ

ಸ್ವಿಚ್ ಹಾಕಿ ಅರ್ಧ ಗಂಟೆಯಾದರೂ ನಲ್ಲಿಯಲ್ಲಿ ತಣ್ಣೀರು. ‘ನೀರು ಕಾಯಿಸುವ ಕಾಯಿಲ್ ಹೋಗಿರಬೇಕು’ ಎಂದು ಆಗಲೇ ಫೋನ್ ಎತ್ತಿಕೊಂಡಿದ್ದೀರಾ? ಸ್ವಲ್ಪ ತಡೆಯಿರಿ. ಏನನ್ನೂ ಬಿಚ್ಚುವ ಮೊದಲು ಹೊರಗಿನಿಂದಲೇ ನೋಡಬೇಕಾದ್ದು ಸಾಕಷ್ಟಿದೆ. (ಇದು ಕರೆಂಟಿನಿಂದ ಕಾಯುವ, ಟ್ಯಾಂಕ್ ಇರುವ ಗೀಸರ್‌ನ ಮಾತು.)

ಹಂತ 1: ಗೀಸರ್‌ನ ದೀಪ ಉರಿಯುತ್ತಿದೆಯೇ?
ಉರಿಯದಿದ್ದರೆ ಎಂಸಿಬಿ (ಕರೆಂಟ್ ಅತಿಯಾದರೆ ತಾನೇ ಕೆಳಗೆ ಬೀಳುವ ಸುರಕ್ಷಾ ಸ್ವಿಚ್) ನೋಡಿ. ಕೆಳಗೆ ಬಿದ್ದಿದ್ದರೆ ಒಮ್ಮೆ ಮಾತ್ರ ಎತ್ತಿ. ಮತ್ತೆ ಬಿದ್ದರೆ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್‌ಗೆ ಹೇಳಿ. ಕಾಯಿಲ್ ಒಡೆದು ನೀರಿಗೆ ಕರೆಂಟ್ ಸೋರುತ್ತಿದ್ದರೂ ಹೀಗಾಗಬಹುದು, ಹಟ ಬೇಡ. 230 ವೋಲ್ಟ್‌ನಲ್ಲಿ 2000 ವಾಟ್‌ನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರ್ ಸಾಕೆಟ್ಟೇ ಬೇಕು. ಪ್ಲಗ್ಗಿನ ಪಿನ್ ಕಪ್ಪಾಗಿದ್ದರೆ, ಸುಟ್ಟ ವಾಸನೆ ಬಂದರೆ ದೋಷ ಗೀಸರ್‌ನದ್ದಲ್ಲ, ಸಾಕೆಟ್‌ನದ್ದಿರಬಹುದು.

ಹಂತ 2: ನಲ್ಲಿಯನ್ನೇ ಅನುಮಾನಿಸಿ
ಬಹಳ ಜನ ಬಿಟ್ಟುಬಿಡುವ ಪರೀಕ್ಷೆ ಇದು. ಗೀಸರ್ ಆಫ್ ಮಾಡಿ, ಅದಕ್ಕೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ. ಈಗ ಬಿಸಿನೀರಿನ ನಲ್ಲಿಯೊಂದನ್ನೇ ತೆರೆಯಿರಿ. ಸ್ವಲ್ಪ ಹೊತ್ತಿನಲ್ಲಿ ನೀರು ನಿಲ್ಲಬೇಕು. ಧಾರೆ ಹಾಗೇ ಮುಂದುವರಿದರೆ ಎಲ್ಲೋ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತಿದೆ ಎಂದರ್ಥ. ಬಿಸಿನೀರು, ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯ ಒಳಭಾಗ ಸವೆದಿರಬಹುದು. ಇಲ್ಲವೇ ಅದರ ಬಿಸಿ, ತಣ್ಣೀರಿನ ಎರಡೂ ತಿರುಗುಹಿಡಿಗಳನ್ನು ತೆರೆದಿಟ್ಟು, ಕೈಶವರ್‌ನ ತುದಿಯಲ್ಲಷ್ಟೇ ನೀರು ನಿಲ್ಲಿಸಿರಬಹುದು. ಪಾಪ, ಗೀಸರ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ!

ಹಂತ 3: ಥರ್ಮೋಸ್ಟಾಟ್
ನೀರು ಎಷ್ಟು ಬಿಸಿಯಾಗಬೇಕೆಂದು ನಿಯಂತ್ರಿಸುವ ಭಾಗ ಇದು. ಇದರ ತಿರುಗುಹಿಡಿ ತೀರಾ ಕಡಿಮೆಗೆ ತಿರುಗಿದೆಯೇ ನೋಡಿ. ನೀರು ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಕಟ್‌ಔಟ್ ಕೂಡ ಒಳಗಿರುತ್ತದೆ. ಕೆಲವು ಮಾದರಿಗಳಲ್ಲಿ ಅದರ ಪುಟ್ಟ ಬಟನ್ ಒತ್ತಿದರೆ ಸರಿಹೋಗುತ್ತದೆ. ಆದರೆ ಮುಚ್ಚಳ ತೆಗೆಯುವ ಮುನ್ನ ಎಂಸಿಬಿ ಆಫ್ ಆಗಿರಲೇಬೇಕು; ಗೋಡೆಯ ಸ್ವಿಚ್ ಒಂದನ್ನೇ ನಂಬಬೇಡಿ. ಕಟ್‌ಔಟ್ ಪದೇ ಪದೇ ಕಡಿಯುತ್ತಿದ್ದರೆ ಥರ್ಮೋಸ್ಟಾಟ್ ಬದಲಿಸಿ.

ಹಂತ 4: ಕೊನೆಗೆ ಕಾಯಿಲ್
ಮಲ್ಟಿಮೀಟರ್ ಬಳಸಿ ಗೊತ್ತಿದ್ದವರಿಗೆ ಮಾತ್ರ. ಕರೆಂಟ್ ಪೂರ್ತಿ ತೆಗೆದು, ಕಾಯಿಲ್‌ನ ವೈರ್ ಬಿಡಿಸಿ ಅಳೆದರೆ 2000 ವಾಟ್‌ನದ್ದು ಸುಮಾರು 26 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ. ಗಡಸು ನೀರಿನ ಸುಣ್ಣ ಪದರಗಟ್ಟಿದಾಗ ಶಾಖ ನೀರಿಗೆ ಸರಿಯಾಗಿ ಇಳಿಯದೆ ಕಾಯಿಲ್ ತಾನೇ ಬೇಯುತ್ತದೆ.

ಅಂದಹಾಗೆ, 15 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಏರಲು 2000 ವಾಟ್‌ನ ಗೀಸರ್‌ಗೆ 18 ನಿಮಿಷವಾದರೂ ಬೇಕು. ಐದೇ ನಿಮಿಷಕ್ಕೆ ದೂರು ಬೇಡ.

ಹೊಸ ಕಾಯಿಲ್ ಹಾಕಿಸಿದ ದಿನ ಬಿಸಿನೀರಿನ ನಲ್ಲಿ ತೆರೆದು, ಗಾಳಿ ಹೋಗಿ ಧಾರೆ ಒಂದೇ ಸಮ ಬರುವ ತನಕ ಕಾಯಿರಿ. ಸ್ವಿಚ್ ಹಾಕುವುದು ಆಮೇಲೆ. ಖಾಲಿ ಟ್ಯಾಂಕಿನಲ್ಲಿ ಹೊಸ ಕಾಯಿಲ್ ಸುಟ್ಟುಹೋಗಲು ಹೆಚ್ಚು ಹೊತ್ತು ಬೇಕಿಲ್ಲ.