ಮೆಟ್ಟಿಲೇರಿದರೆ ಏದುಸಿರು, ಸಂಜೆಗೆ ಕಾಲೂತ: ಹೃದಯದ ಭಯ ಕಾಡಿದಾಗ ಏನು ಮಾಡಬೇಕು?

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದ್ದರು. ಆ ಗಾಬರಿ ತಣ್ಣಗಾಗಿದೆ, ಒಂದು ಅಭ್ಯಾಸ ಮಾತ್ರ ಉಳಿದುಕೊಂಡಿದೆ. ಉಸಿರು ಸ್ವಲ್ಪ ಕಟ್ಟಿದಂತಾದರೆ ಹೋಗಿ ಇಸಿಜಿ ತೆಗೆಸುವುದು. ‘ನಾರ್ಮಲ್’ ಎಂದು ಬಂದರೆ ಗ್ಯಾಸ್ ಇರಬೇಕು ಎಂದುಕೊಂಡು ಸುಮ್ಮನಾಗುವುದು. ಇಸಿಜಿ ದಾಖಲಿಸುವುದು ಹೃದಯದ ಸುಮಾರು ಹತ್ತು ಸೆಕೆಂಡುಗಳ ವಿದ್ಯುತ್ ಚಟುವಟಿಕೆಯನ್ನು. ಹೃದಯ ಎಷ್ಟು ರಕ್ತ ತಳ್ಳುತ್ತಿದೆ, ದೇಹದಲ್ಲಿ ನೀರು ಯಾಕೆ ನಿಲ್ಲುತ್ತಿದೆ ಎಂಬುದನ್ನು ಅದು ನೇರವಾಗಿ ಹೇಳುವುದಿಲ್ಲ. ಏದುಸಿರಿನ ಜೊತೆಗೆ ಊತವೂ ಇದ್ದರೆ ವೈದ್ಯರಿಗೆ ಬೇಕಾದ ಸುಳಿವುಗಳಲ್ಲಿ ಹಲವು ನಿಮ್ಮ ಮಲಗುವ ಕೋಣೆಯಲ್ಲಿ, ಮಾತ್ರೆಯ ಡಬ್ಬದಲ್ಲಿ, ಊಟದ ತಟ್ಟೆಯಲ್ಲಿ ಇರುತ್ತವೆ.

ಮೊದಲ ಕೆಲಸ: ಕಾಯಬಾರದ ಲಕ್ಷಣಗಳನ್ನು ಬೇರ್ಪಡಿಸಿ

ಸುಮ್ಮನೆ ಕುಳಿತಾಗಲೂ ಉಸಿರು ಸಾಲುತ್ತಿಲ್ಲವೇ? ಒಂದು ವಾಕ್ಯ ಮುಗಿಸುವಷ್ಟರಲ್ಲಿ ದಮ್ಮು ಕಟ್ಟುತ್ತಿದೆಯೇ? ಎದೆ ಹಿಂಡಿದಂತಾಗಿ ನೋವು ದವಡೆಗೋ ತೋಳಿಗೋ ಹಬ್ಬುತ್ತಿದೆಯೇ? ತಣ್ಣನೆಯ ಬೆವರು, ನೀಲಿಗಟ್ಟಿದ ತುಟಿ, ನಸುಗೆಂಪು ನೊರೆಯಂಥ ಕಫ, ಎಚ್ಚರ ತಪ್ಪಿದ್ದು, ಮಾತು ತಡಬಡಿಸಿದ್ದು ಇವುಗಳಲ್ಲಿ ಒಂದಿದ್ದರೂ ಮುಂದಿನದನ್ನು ಓದುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ. ಒಂದೇ ಕಾಲು ಊದಿ, ಮೀನಖಂಡ ನೋಯುತ್ತಿದ್ದು, ಜೊತೆಗೆ ಥಟ್ಟನೆ ಉಸಿರುಕಟ್ಟಿದರೆ ಅದೂ ತುರ್ತೇ. ಕಾಲಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ದೀರ್ಘ ಪ್ರಯಾಣ, ಶಸ್ತ್ರಚಿಕಿತ್ಸೆ, ಹೆರಿಗೆ ಆದವರಲ್ಲಿ ಈ ಅಪಾಯ ಹೆಚ್ಚು.

ರೋಗಿಗೆ ಎಚ್ಚರವಿದ್ದರೆ ಆಂಬುಲೆನ್ಸ್ ಬರುವವರೆಗೆ ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಿ, ಕಾಲು ಕೆಳಗೆ ಇಳಿಬಿಡಲಿ. ಅಂಗಾತ ಮಲಗಿಸಬೇಡಿ. ಸೋಡಾ ಕುಡಿಸಿ ತೇಗು ಬರುವುದನ್ನು ಕಾಯುವುದು, ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೊರಡುವುದು ಎರಡೂ ಬೇಡ. ಎದೆನೋವಿದ್ದರೆ ದೂರದ ದೊಡ್ಡ ಆಸ್ಪತ್ರೆಯೇ ಬೇಕೆಂದು ಹಟ ಹಿಡಿಯಬೇಡಿ. 2023ರಲ್ಲಿ ಆರಂಭವಾದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ವ್ಯವಸ್ಥೆ ಇದೆ.

ಇಷ್ಟು ತೀವ್ರವಲ್ಲದಿದ್ದರೆ, ಒಂದೆರಡು ದಿನದಲ್ಲಿ ವೈದ್ಯರನ್ನು ಕಾಣಲು ಸಮಯ ಗೊತ್ತು ಮಾಡಿಕೊಂಡು ಒಂದು ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ.

ಊತವನ್ನು ಒತ್ತಿ ನೋಡಿ

ಮೊಣಕಾಲಿನ ಕೆಳಗೆ, ಮೀನಖಂಡದ ಎದುರಿಗೆ ಸಿಗುವ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಐದಾರು ಸೆಕೆಂಡು ಗಟ್ಟಿಯಾಗಿ ಒತ್ತಿ ಬಿಡಿ. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿದರೆ ಅಲ್ಲಿ ನೀರು ತುಂಬಿದೆ. ಗುಳಿ ಪಾದದ ಗಂಟಿನ ಹತ್ತಿರ ಮಾತ್ರವೇ, ಮೊಣಕಾಲಿನವರೆಗೂ ಇದೆಯೇ ಎಂದು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಿ. ಎರಡೂ ಕಾಲಿನಲ್ಲಿ ಇದೆಯೇ ಎಂಬುದನ್ನೂ ಬರೆದಿಡಿ. ಹಾಸಿಗೆ ಹಿಡಿದವರಲ್ಲಿ ನೀರು ಇಳಿಯುವುದು ಕಾಲಿಗಲ್ಲ, ಬೆನ್ನಿನ ಕೆಳಭಾಗಕ್ಕೆ. ಅಲ್ಲಿ ಒತ್ತಿ ನೋಡಬೇಕು. ಕಾಲುಚೈನು ಒತ್ತಿದ ಗೆರೆ, ಕಾಲುಂಗುರ ಬಿಗಿಯಾದದ್ದು, ನಿನ್ನೆಯ ಚಪ್ಪಲಿ ಇಂದು ಹಿಡಿಸದೆ ಹೋದದ್ದು ಇವೂ ಸಾಕ್ಷಿಗಳೇ.

ಊತ ಎಲ್ಲಿ ಮೊದಲು ಕಂಡಿತು ಎಂಬುದು ಮುಖ್ಯ. ಸಂಜೆಗೆ ಕಾಲು ಊದಿ, ರಾತ್ರಿ ಮಲಗೆದ್ದರೆ ಇಳಿಯುವುದು ಹೃದಯದ ತೊಂದರೆಯಲ್ಲಿ ಆಗಬಹುದು. ದಿನವಿಡೀ ನಿಂತೇ ಕೆಲಸ ಮಾಡುವವರಲ್ಲಿ, ಉಬ್ಬಿದ ರಕ್ತನಾಳ ಇರುವವರಲ್ಲೂ ಆಗುತ್ತದೆ. ಬೆಳಗ್ಗೆ ಎದ್ದಾಗ ಮುಖ, ಕಣ್ಣಿನ ಸುತ್ತ ಬಾತುಕೊಂಡಿದ್ದು ಮೂತ್ರ ನೊರೆನೊರೆಯಾಗಿ ಹೋಗುತ್ತಿದ್ದರೆ ಮೂತ್ರಪಿಂಡದ ಕಡೆ ಗಮನ ಹೋಗಬೇಕು. ಹೊಟ್ಟೆ ಮೊದಲು ಉಬ್ಬಿ ಆಮೇಲೆ ಕಾಲು ಊದಿದರೆ ಯಕೃತ್ತನ್ನು ಅನುಮಾನಿಸುತ್ತಾರೆ.

ರಾತ್ರಿಯ ಲೆಕ್ಕ

ನನ್ನ ಮಟ್ಟಿಗೆ ಇಡೀ ನೋಟ್‌ಬುಕ್ಕಿನಲ್ಲಿ ಬೆಲೆಯುಳ್ಳದ್ದು ಇದೇ ಪುಟ. ಹಿರಿಯರು ‘ನನಗೇನೂ ಇಲ್ಲ, ವಯಸ್ಸಾಯಿತು ಅಷ್ಟೇ’ ಎನ್ನುತ್ತಾರೆ. ಉಸಿರಾಟದ ಬಗ್ಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ‘ಅಮ್ಮ, ರಾತ್ರಿ ಎಷ್ಟು ದಿಂಬು ಬೇಕು?’ ಎಂದು ಕೇಳಿ. ಒಂದು ದಿಂಬಿನಲ್ಲಿ ಮಲಗುತ್ತಿದ್ದವರು ಈಗ ಮೂರು ಪೇರಿಸಿಕೊಳ್ಳುತ್ತಿದ್ದಾರೆಯೇ? ಹಾಸಿಗೆ ಬಿಟ್ಟು ಆರಾಮ ಕುರ್ಚಿಯಲ್ಲಿ ಒರಗಿ ನಿದ್ದೆ ಮಾಡುತ್ತಿದ್ದಾರೆಯೇ? ಮಲಗಿ ಒಂದೆರಡು ಗಂಟೆಯಾದ ಮೇಲೆ ಉಸಿರುಗಟ್ಟಿ ಎದ್ದು ಕುಳಿತು, ಕಿಟಕಿ ತೆರೆದು ಗಾಳಿಗೆ ಮುಖವೊಡ್ಡಿದ್ದುಂಟೇ? ಮಲಗಿದಾಗಷ್ಟೇ ಕೆಮ್ಮು ಕೆರಳುತ್ತದೆಯೇ?

ಇದರ ಹಿಂದೆ ಸರಳ ಕಾರಣವಿದೆ. ಹಗಲು ಕಾಲಿಗೆ ಇಳಿದ ನೀರು ಮಲಗಿದಾಗ ರಕ್ತಕ್ಕೆ ಮರಳುತ್ತದೆ. ದುರ್ಬಲ ಹೃದಯಕ್ಕೆ ಆ ಹೆಚ್ಚುವರಿ ಹೊರೆ ತಳ್ಳಲಾಗದೆ ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ. ಎದ್ದು ಕುಳಿತರೆ ಹಗುರವಾಗುವುದು ಅದಕ್ಕೇ. ಹೀಗೆ ರಾತ್ರಿ ಎದ್ದು ಕೂರುವುದು ಹೊಸದಾಗಿ ಶುರುವಾಗಿದ್ದರೆ ಗೊತ್ತು ಮಾಡಿದ ದಿನಕ್ಕೆ ಕಾಯದೆ ಆ ಬೆಳಗ್ಗೆಯೇ ವೈದ್ಯರಲ್ಲಿಗೆ ಹೋಗಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದರೆ ಉಗುರುಬಣ್ಣ ತೆಗೆದು, ಬೆರಳು ಬೆಚ್ಚಗೆ ಮಾಡಿಕೊಂಡು ನೋಡಿ. 90ಕ್ಕಿಂತ ಕಡಿಮೆ ಬಂದರೆ ತುರ್ತು. ಆದರೆ 97 ಬಂದಿತೆಂದು ಹೃದಯ ಸರಿಯಿದೆ ಎಂದುಕೊಳ್ಳುವಂತಿಲ್ಲ.

ತೂಕದ ಯಂತ್ರ ಮತ್ತು ಮಾತ್ರೆಯ ಡಬ್ಬ

ಬೆಳಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದು, ಕಾಫಿಗೂ ಮೊದಲು, ತೆಳು ಬಟ್ಟೆಯಲ್ಲಿ ದಿನವೂ ಒಂದೇ ಯಂತ್ರದ ಮೇಲೆ ನಿಂತು ತೂಕ ಬರೆಯಿರಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಹೋಳಿಗೆಯ ಕೊಬ್ಬಲ್ಲ, ದೇಹದಲ್ಲಿ ನಿಂತ ನೀರು.

ಇನ್ನು ಡಬ್ಬ. ರಕ್ತದೊತ್ತಡಕ್ಕೆ ನುಂಗುವ ಆಮ್ಲೋಡಿಪಿನ್‌ನಿಂದ ಪಾದದ ಗಂಟು ಊದುವುದು ತೀರ ಸಾಮಾನ್ಯ. ಹೃದಯ ಚೆನ್ನಾಗಿಯೇ ಇದ್ದು ಈ ಒಂದು ಮಾತ್ರೆಯಿಂದ ತಿಂಗಳುಗಟ್ಟಲೆ ಹೆದರಿದವರಿದ್ದಾರೆ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಉಪ್ಪು ನೀರನ್ನು ದೇಹದಲ್ಲಿ ಹಿಡಿದಿಡುತ್ತವೆ. ಮಧುಮೇಹದ ಪಯೋಗ್ಲಿಟಜೋನ್, ಸ್ಟೀರಾಯ್ಡ್‌ಗಳು, ನರದ ನೋವಿನ ಪ್ರಿಗಾಬಲಿನ್ ಕೂಡ ಊತ ತರಬಲ್ಲವು. ಎಲ್ಲ ಮಾತ್ರೆಪಟ್ಟಿಗಳನ್ನೂ ನಾಟಿ ಔಷಧದ ಪುಡಿಯನ್ನೂ ಒಂದು ಚೀಲಕ್ಕೆ ಹಾಕಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ‘ಬಿಪಿಗೆ ಒಂದು ಬಿಳಿ ಮಾತ್ರೆ’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ನೋವಿನ ಮಾತ್ರೆಯನ್ನು ಸದ್ಯಕ್ಕೆ ದೂರವಿಡಿ. ವೈದ್ಯರು ಬರೆದುಕೊಟ್ಟ ಬಿಪಿ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಪಕ್ಕದ ಮನೆಯವರಿಗೆ ಕೊಟ್ಟ ‘ನೀರು ಹೋಗುವ ಮಾತ್ರೆ’ಯನ್ನು ತಂದು ನುಂಗುವುದೂ ಬೇಡ. ಊತ ಇಳಿಯುತ್ತದೆ ನಿಜ. ಆದರೆ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತವೇ ಹಳಿ ತಪ್ಪಬಹುದು, ಕಾಯಿಲೆಯ ಗುರುತೂ ಅಳಿಸಿಹೋಗುತ್ತದೆ. ಕಾರಣ ತಿಳಿಯುವ ಮೊದಲು ಕಾಲಿಗೆ ಬಿಗಿಯಾದ ಬ್ಯಾಂಡೇಜ್ ಸುತ್ತಬೇಡಿ.

ಉಪ್ಪನ್ನು ಇಂದೇ ಕಡಿಮೆ ಮಾಡಬಹುದು, ಅದಕ್ಕೆ ಯಾರ ಚೀಟಿಯೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಸಾರಿಗೆ ಉಪ್ಪು ಕಡಿಮೆ ಹಾಕಿ ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಇಟ್ಟರೆ ಲೆಕ್ಕ ಅಲ್ಲಿಗೇ ಬಂತು. ನೀರಿಗೆ ಹಾಕಿದರೆ ಬುಸ್ಸೆಂದು ನೊರೆಯುಕ್ಕುವ ಗ್ಯಾಸ್ ಪುಡಿಯಲ್ಲೂ ಸೋಡಿಯಂ ಇದೆ. ಕಡಿಮೆ ಸೋಡಿಯಂನ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆ ಇರುವವರು ಅದನ್ನು ಕೇಳದೆ ಬಳಸಬಾರದು.

ವೈದ್ಯರ ಎದುರು

‘ಸುಸ್ತು, ದಮ್ಮು’ ಎಂದಷ್ಟೇ ಹೇಳಬೇಡಿ. ‘ಎರಡು ತಿಂಗಳ ಹಿಂದೆ ಮಾರುಕಟ್ಟೆಗೆ ನಿಲ್ಲದೆ ಹೋಗಿಬರುತ್ತಿದ್ದೆ, ಈಗ ನಡುವೆ ಎರಡು ಕಡೆ ಕೂರಬೇಕು’ ಎಂದರೆ ಅವರು ಪೆನ್ನು ಕೈಗೆತ್ತಿಕೊಳ್ಳುತ್ತಾರೆ. ಇಸಿಜಿ, ಎದೆಯ ಎಕ್ಸ್‌ರೇ, ಎಕೋ (ಹೃದಯದ ಅಲ್ಟ್ರಾಸೌಂಡ್), ಹಿಮೋಗ್ಲೋಬಿನ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಥೈರಾಯ್ಡ್, ಮೂತ್ರದಲ್ಲಿ ಪ್ರೋಟೀನ್ ಸಾಮಾನ್ಯವಾಗಿ ನೋಡುವ ಪರೀಕ್ಷೆಗಳು. ಹಿಮೋಗ್ಲೋಬಿನ್ ಅನ್ನು ಹಗುರವಾಗಿ ಕಾಣಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅದೊಂದೇ ಏದುಸಿರು ತರಲು ಸಾಕು.

ಗರ್ಭಿಣಿಯರು, ಹೆರಿಗೆಯಾಗಿ ಐದು ತಿಂಗಳೊಳಗಿನವರು ಇಂಥ ಲಕ್ಷಣಗಳನ್ನು ‘ಬಾಣಂತನದ ಆಯಾಸ’ ಎಂದು ತಳ್ಳಿಹಾಕುವಂತಿಲ್ಲ. ಹೆರಿಗೆಯ ಆಸುಪಾಸಿನಲ್ಲೇ ಹೃದಯದ ಸ್ನಾಯು ಸೋಲುವ ಕಾಯಿಲೆ ಉಂಟು. ಚಿಕ್ಕಂದಿನ ಗಂಟಲು ಸೋಂಕಿನಿಂದ ಬಂದ ಸಂಧಿವಾತ ಜ್ವರ ಹೃದಯದ ಕವಾಟಕ್ಕೆ ಮಾಡಿದ ಹಾನಿ ಗರ್ಭಿಣಿಯಾದಾಗ ಮೊದಲ ಬಾರಿಗೆ ತೋರುವುದೂ ಉಂಟು.

ಎಕೋ ವರದಿಯಲ್ಲಿ ಎಲ್ಲರ ಕಣ್ಣು ಹೋಗುವುದು ಇಎಫ್ ಎಂಬ ಅಂಕಿಗೆ. ಪ್ರತಿ ಬಡಿತಕ್ಕೆ ಎಡ ಹೃತ್ಕುಕ್ಷಿ (ಹೃದಯದ ಎಡಗಡೆಯ ಕೆಳಕೋಣೆ) ತನ್ನಲ್ಲಿರುವ ರಕ್ತದ ಶೇಕಡಾ ಎಷ್ಟನ್ನು ಹೊರತಳ್ಳುತ್ತದೆ ಎಂಬುದು ಅದು. 60 ಬಂದರೆ ಮನೆಮಂದಿ ನಿಟ್ಟುಸಿರು ಬಿಡುತ್ತಾರೆ. ಆದರೆ ಚೆನ್ನಾಗಿ ಹಿಂಡುವ ಹೃದಯವೂ ಬಿಗಿಯಾಗಿದ್ದು ಸರಿಯಾಗಿ ಸಡಿಲಗೊಳ್ಳದಿದ್ದರೆ ಇದೇ ಏದುಸಿರು, ಇದೇ ಊತ ಬರುತ್ತದೆ. ವಯಸ್ಸಾದ, ಬಿಪಿ, ಸಕ್ಕರೆ, ಬೊಜ್ಜು ಇರುವ ಹೆಂಗಸರಲ್ಲಿ ಇದು ಹೆಚ್ಚು. ಹಾಗಾಗಿ ಇಎಫ್ ಸರಿಯಿದ್ದೂ ಲಕ್ಷಣ ನಿಲ್ಲದಿದ್ದರೆ, ಹೃದಯದ ಮೇಲೆ ಒತ್ತಡ ಬಿದ್ದಾಗ ಏರುವ ಅಂಶವನ್ನು ಅಳೆಯುವ ಎನ್‌ಟಿ-ಪ್ರೊಬಿಎನ್‌ಪಿ ರಕ್ತಪರೀಕ್ಷೆ ಬೇಕೇ ಎಂದು ವಿಚಾರಿಸಿ. ಹೊರರೋಗಿಗಳಲ್ಲಿ 125ಕ್ಕಿಂತ (ಪಿಕೋಗ್ರಾಂ/ಮಿ.ಲೀ.) ಕಡಿಮೆ ಬಂದರೆ ಹೃದಯ ವೈಫಲ್ಯದ, ಅಂದರೆ ದೇಹಕ್ಕೆ ಬೇಕಾದಂತೆ ರಕ್ತ ತಳ್ಳಲು ಹೃದಯ ಸೋಲುವ ಸ್ಥಿತಿಯ, ಸಂಭವ ಕಡಿಮೆ. ಬೊಜ್ಜು ಇರುವವರಲ್ಲಿ ಮಾತ್ರ ಈ ಅಂಕಿ ಇದ್ದದ್ದಕ್ಕಿಂತ ಕಡಿಮೆ ತೋರಬಹುದು.

ಇವೆಲ್ಲವೂ ಸರಿಯಿದ್ದರೆ ಕಾರಣ ಹುಡುಕಬೇಕಾದದ್ದು ಶ್ವಾಸಕೋಶದಲ್ಲಿ, ನಿದ್ದೆಯಲ್ಲಿ ಉಸಿರು ನಿಲ್ಲುವ ಗೊರಕೆಯಲ್ಲಿ, ಕೊನೆಯಲ್ಲಿ ಆತಂಕದಲ್ಲಿ. ಆತಂಕದ ಏದುಸಿರಿನಲ್ಲಿ ಬೆರಳ ತುದಿ, ತುಟಿಯ ಸುತ್ತ ಜುಮ್ಮೆನ್ನುವುದು, ಪದೇ ಪದೇ ದೀರ್ಘ ಉಸಿರೆಳೆಯಬೇಕೆನಿಸುವುದು ಸಾಮಾನ್ಯ. ಅದರಿಂದ ಕಾಲಿನಲ್ಲಿ ಗುಳಿ ಬೀಳುವುದಿಲ್ಲ. ಗುಳಿ ಬೀಳುತ್ತಿದ್ದೂ ಯಾರಾದರೂ ‘ಎಲ್ಲ ಟೆನ್ಷನ್’ ಎಂದು ಕಳಿಸಿದರೆ ನೋಟ್‌ಬುಕ್ ಹಿಡಿದುಕೊಂಡು ಇನ್ನೊಬ್ಬ ವೈದ್ಯರನ್ನು ಕಾಣಿ. ಎದ್ದು ಬರುವ ಮೊದಲು ಎರಡು ಪ್ರಶ್ನೆ ಕೇಳಿಕೊಂಡು ಬನ್ನಿ: ತೂಕ ಎಷ್ಟು ಏರಿದರೆ ನಿಮಗೆ ಫೋನ್ ಮಾಡಬೇಕು, ದಿನಕ್ಕೆ ಎಷ್ಟು ನೀರು ಕುಡಿಯಬಹುದು?