ಬ್ರೆಮನ್‌ಗೆ ಹೊರಟ ಕತ್ತೆಯ ಬೆನ್ನು ಹತ್ತುವುದು ಹೇಗೆ?

ಜರ್ಮನಿಯ ಜನಪದ ಕಥೆಯೊಂದರಲ್ಲಿ ಒಂದು ಮುದಿ ಕತ್ತೆ ಬರುತ್ತದೆ. ಇನ್ನು ಇದರಿಂದ ಕೆಲಸ ಆಗಲ್ಲ ಅಂತ ಯಜಮಾನ ಅದನ್ನು ಮುಗಿಸಲು ನೋಡುತ್ತಾನೆ. ಕತ್ತೆ ತಪ್ಪಿಸಿಕೊಂಡು, ಬ್ರೆಮನ್ ಪಟ್ಟಣದಲ್ಲಿ ವಾದ್ಯಗಾರನಾಗುತ್ತೇನೆ ಅಂತ ಹೊರಡುತ್ತದೆ. ದಾರಿಯಲ್ಲಿ ನಾಯಿ, ಬೆಕ್ಕು, ಹುಂಜ ಜೊತೆಯಾಗುತ್ತವೆ. ಕೊನೆಗೆ ಕಳ್ಳರನ್ನು ಓಡಿಸಿ ಕಾಡಿನ ಮನೆಯೊಂದರಲ್ಲೇ ನಾಲ್ಕೂ ಉಳಿದುಬಿಡುತ್ತವೆ. ಗ್ರಿಮ್ ಸಹೋದರರು 1819ರಲ್ಲಿ ಅಚ್ಚು ಹಾಕಿಸಿದ ಈ ಕಥೆಯಲ್ಲಿ ಕತ್ತೆ ಬ್ರೆಮನ್ ತಲುಪುವುದೇ ಇಲ್ಲ.

ನನ್ನದಾದರೂ ತಲುಪಲಿ ಅಂತ ಸ್ಟಟ್‌ಗಾರ್ಟ್‌ನ ಒಂದು ಜಿಯೋಕ್ಯಾಚಿಂಗ್ ಡಬ್ಬಿಯಲ್ಲಿ ರಬ್ಬರ್ ಕತ್ತೆಯೊಂದನ್ನು ಬಿಟ್ಟೆ. ಜಿಪಿಎಸ್ ಹಿಡಿದು, ಯಾರೋ ಬಚ್ಚಿಟ್ಟ ಡಬ್ಬಿ ಹುಡುಕುವ ಆಟ ಇದು. 2000ನೇ ಇಸವಿಯ ಮೇ ತಿಂಗಳಲ್ಲಿ ಅಮೆರಿಕದ ಆರೆಗನ್‌ನಲ್ಲಿ ಶುರುವಾಯಿತು. ಕೊರಳಲ್ಲಿ ನಂಬರಿನ ಬಿಲ್ಲೆ ಇರುವ ಗೊಂಬೆಯನ್ನು ಟ್ರ್ಯಾಕಬಲ್ ಅನ್ನುತ್ತಾರೆ. ಸಿಕ್ಕವರು ಅದನ್ನು ಮುಂದಿನ ಡಬ್ಬಿಗೆ ಸಾಗಿಸಬೇಕು. ನನ್ನ ಮೊದಲ ಕತ್ತೆ ಎರಡನೇ ಕೈಯಲ್ಲೇ ಕಳೆದುಹೋಯಿತು. ಆಮೇಲೆ ಎಷ್ಟೋ ಜನರ ಟ್ರ್ಯಾಕಬಲ್‌ಗಳು ಹೀಗೇ ಕಳೆದುಹೋಗುವುದನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಜಿಯೋಕ್ಯಾಚಿಂಗ್ ಡಾಟ್ ಕಾಮ್‌ನಲ್ಲಿ ಖಾತೆ ತೆರೆಯಿರಿ. ದುಡ್ಡು ಕೊಡಬೇಕಾಗಿಲ್ಲ.

ಎರಡನೆಯದು, ಅದೇ ಸೈಟಿನಲ್ಲಿರುವ ಕತ್ತೆಯ ಪುಟಕ್ಕೆ ಹೋಗಿ ಅದರ ಗುರಿ ಓದಿ, ಅಂದರೆ ಅದು ಎಲ್ಲಿಗೆ ಹೋಗಲಿ ಅಂತ ಒಡೆಯರು ಬರೆದಿದ್ದಾರೆ ಅನ್ನುವುದನ್ನು. ಮನೆಯಲ್ಲೇ ಕೂತು ಹಿಂಬಾಲಿಸುವುದಾದರೆ ವಾಚ್‌ಲಿಸ್ಟ್‌ಗೆ ಸೇರಿಸಿಕೊಂಡರೆ ಸಾಕು. ಅದು ಕೈ ಬದಲಾಯಿಸಿದಾಗೆಲ್ಲ ನಿಮಗೆ ಮೇಲ್ ಬರುತ್ತದೆ. ಮ್ಯಾಪ್‌ನಲ್ಲಿ ಕಾಣುವ ದೂರ ರಸ್ತೆಯ ದೂರವಲ್ಲ, ಡಬ್ಬಿಯಿಂದ ಡಬ್ಬಿಗೆ ನೇರ ಗೆರೆ. ಆ ಲೆಕ್ಕದಲ್ಲಿ ಸ್ಟಟ್‌ಗಾರ್ಟ್‌ನಿಂದ ಬ್ರೆಮನ್‌ಗೆ ಸುಮಾರು 480 ಕಿ.ಮೀ.

ಮೂರನೆಯದು, ಕತ್ತೆಯನ್ನು ಎತ್ತಿಕೊಳ್ಳುವುದು. ಬದಲಿಗೆ ಇನ್ನೊಂದು ವಸ್ತು ಇಡಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ. ಕೊಟ್ಟು ತಗೊಳ್ಳುವ ನಿಯಮ ಡಬ್ಬಿಯ ಬೇರೆ ಆಟಿಕೆಗಳಿಗೆ, ಟ್ರ್ಯಾಕಬಲ್‌ಗೆ ಅಲ್ಲ. ಆದರೆ ಅದರ ಗುರಿಯ ಕಡೆಗೆ ಹೋಗುವ ದಾರಿ ನಿಮ್ಮದಲ್ಲದಿದ್ದರೆ ದಯವಿಟ್ಟು ಎತ್ತಿಕೊಳ್ಳಬೇಡಿ. ನೋಡಿ, ‘ಡಿಸ್ಕವರ್’ ಅಂತ ದಾಖಲಿಸಿ, ಅಲ್ಲೇ ಬಿಡಿ.

ಎಲ್ಲರೂ ಎಡವುವುದು ಇದರ ನಂತರ, ದಾಖಲಿಸುವಾಗ.

ಕತ್ತೆಗೆ ಎರಡು ನಂಬರ್ ಇರುತ್ತವೆ. ‘ಟಿಬಿ’ಯಿಂದ ಶುರುವಾಗುವುದು ಎಲ್ಲರಿಗೂ ಕಾಣುವ ನಂಬರ್. ಬಿಲ್ಲೆಯ ಮೇಲೆ ಕೊರೆದಿರುವುದು ಗುಟ್ಟಿನದು. ಕತ್ತೆ ನಿಮ್ಮ ಕೈಗೆ ಬಂದಿತ್ತು ಅನ್ನುವುದಕ್ಕೆ ಇದೊಂದೇ ಸಾಕ್ಷಿ. ದಾಖಲಿಸುವಾಗ ಹಾಕಬೇಕಾದದ್ದು ಇದನ್ನೇ. ಕಾಡಿನಲ್ಲೇ ಚೀಟಿಯಲ್ಲಿ ಬರೆದುಕೊಳ್ಳಿ. ಆದರೆ ಬಿಲ್ಲೆ ಕಾಣುವ ಫೋಟೊವನ್ನು ಎಲ್ಲೂ ಹಾಕಬೇಡಿ. ಹಾಕಿದರೆ ಕತ್ತೆಯನ್ನು ಕಣ್ಣಲ್ಲೂ ನೋಡದವರು ಸುಮ್ನೆ ‘ನೋಡಿದೆ’ ಅಂತ ದಾಖಲಿಸುತ್ತಾರೆ.

ಕತ್ತೆ ಇನ್ನೂ ಆ ಡಬ್ಬಿಯಲ್ಲೇ ಇದೆ ಅಂತ ಪುಟದಲ್ಲಿದ್ದರೆ ‘ರಿಟ್ರೀವ್’ (ಡಬ್ಬಿಯಿಂದ ತಗೊಂಡೆ) ಒತ್ತಿ. ಹಿಂದಿನವರ ಕೈಯಲ್ಲೇ ಇದೆ ಅಂತ ತೋರಿಸಿದರೆ, ಅವರು ಡಬ್ಬಿಯಲ್ಲಿ ಇಟ್ಟಿದ್ದನ್ನು ದಾಖಲಿಸಿಲ್ಲ ಅಂತ ಅರ್ಥ. ಆಗ ತಕ್ಷಣ ‘ಗ್ರ್ಯಾಬ್’ (ಬೇರೆ ಕಡೆಯಿಂದ ತಗೊಂಡೆ) ಒತ್ತಿಬಿಡುವುದೇ ದೊಡ್ಡ ತಪ್ಪು. ಕತ್ತೆ ಡಬ್ಬಿಗೆ ಬಂದಿದ್ದ ದಾರಿಯೇ ಮ್ಯಾಪ್‌ನಿಂದ ಬಿಟ್ಟುಹೋಗುತ್ತದೆ. ಅವರಿಗೊಂದು ಮೆಸೇಜ್ ಹಾಕಿ ಮೂರ್ನಾಲ್ಕು ದಿನ ಕಾಯಿರಿ. ಪ್ರವಾಸ ಬಂದವರು ರೂಮಿಗೆ ಹೋದ ಮೇಲೆ ದಾಖಲಿಸುವುದೇ ಜಾಸ್ತಿ, ಅಲ್ವಾ? ಉತ್ತರ ಬರದಿದ್ದರೆ ‘ಗ್ರ್ಯಾಬ್’ ಮಾಡಿ. ಆಮೇಲೆ ನಿಮಗೆ ಸಿಕ್ಕ ಡಬ್ಬಿಯ ಪುಟದಲ್ಲಿ ‘ನೋಟ್’ ಬರೆದು, ಅದರ ಜೊತೆಗೇ ಕತ್ತೆಯನ್ನು ಅಲ್ಲಿ ‘ಡ್ರಾಪ್’ ಮಾಡಿ, ಮತ್ತೆ ‘ರಿಟ್ರೀವ್’ ಮಾಡಿ. ಐದು ನಿಮಿಷದ ಕೆಲಸ. ತುಂಡಾದ ದಾರಿ ಮತ್ತೆ ಕೂಡಿಕೊಳ್ಳುತ್ತದೆ.

ದಾಖಲೆಯಲ್ಲಿ ಎರಡು ಸಾಲನ್ನಾದರೂ ಬರೆಯಿರಿ. ‘ಮಳೆಯಲ್ಲಿ ಸಿಕ್ಕಿತು, ಟವೆಲ್‌ನಲ್ಲಿ ಒರೆಸಿ ಹೈಡಲ್‌ಬರ್ಗ್ ರೈಲು ಹತ್ತಿಸಿಕೊಂಡೆ’ ಅಂತ ಒಬ್ಬರು ಬರೆದಿದ್ದರು. ಅವತ್ತು ಆ ಸಾಲನ್ನು ಮನೆಯವರಿಗೆಲ್ಲ ಓದಿ ಹೇಳಿದ್ದೆ.

ಎರಡು ವಾರಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಇಟ್ಟುಕೊಳ್ಳಲೇಬೇಕಾದರೆ ಒಡೆಯರಿಗೆ ತಿಳಿಸಿ. ಕತ್ತೆ ಸರಾಗವಾಗಿ ಹಿಡಿಸುವ, ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲೇ ಬಿಡಿ. ಬಿಟ್ಟ ದಿನವೇ ‘ಡ್ರಾಪ್’ ದಾಖಲಿಸಿ.

ನೀವೇ ಒಂದನ್ನು ಹೊರಡಿಸುವುದಾದರೆ ಬಟ್ಟೆಯ ಗೊಂಬೆ ಖಂಡಿತ ಬೇಡ. ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ಬಿಲ್ಲೆಯ ಜೊತೆ ಬರುವ ಮಣಿ ಸರಪಳಿಯನ್ನೂ ನಂಬಬೇಡಿ, ಜಗ್ಗಿದರೆ ಬಿಚ್ಚಿಕೊಳ್ಳುತ್ತದೆ. ಬೀಗದಕೈ ಗೊಂಚಲಿನ ಸ್ಟೀಲ್ ರಿಂಗ್ ಹಾಕಿ. ಗುರಿಯನ್ನು ಜರ್ಮನ್, ಇಂಗ್ಲಿಷ್ ಎರಡರಲ್ಲೂ ಬರೆದು ಲ್ಯಾಮಿನೇಟ್ ಮಾಡಿಸಿ ಕಟ್ಟಿ. ಒಂದೇ ನಂಬರಿನ ಎರಡು ಬಿಲ್ಲೆ ಬರುತ್ತವೆ, ಒಂದನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಕತ್ತೆ ಕಳೆದುಹೋದರೆ ಆ ಬಿಲ್ಲೆಯನ್ನು ಹೊಸ ಕತ್ತೆಗೆ ಕಟ್ಟಿ ಮತ್ತೆ ಹೊರಡಿಸಬಹುದು. ನಾನೂ ಹಾಗೇ ಮಾಡಿದ್ದೇನೆ.

ಈ ಕತ್ತೆ ನಿಮ್ಮ ಕೈಯಲ್ಲೇ ಬ್ರೆಮನ್ ತಲುಪಿದರೆ ಸೀದಾ ಪುರಭವನದ ಪಕ್ಕಕ್ಕೆ ಹೋಗಿ. ಗೆರ್ಹಾರ್ಡ್ ಮಾರ್ಕ್ಸ್ ಮಾಡಿದ, 1953ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆ ಅಲ್ಲಿದೆ. ಕತ್ತೆಯ ಮೇಲೆ ನಾಯಿ, ಅದರ ಮೇಲೆ ಬೆಕ್ಕು, ತುದಿಯಲ್ಲಿ ಹುಂಜ. ಬಂದವರೆಲ್ಲ ಎರಡೂ ಕೈಯಲ್ಲಿ ಹಿಡಿದು ಹಿಡಿದು ಕತ್ತೆಯ ಮುಂಗಾಲು ಹೊಳೆಯುತ್ತಿರುತ್ತವೆ. ಆ ಕಾಲಿನ ಪಕ್ಕ ನಮ್ಮ ಪುಟ್ಟ ಕತ್ತೆಯನ್ನು ಹಿಡಿದು ಒಂದು ಫೋಟೊ ತೆಗೆಯಿರಿ. ತೆಗೆಯುವ ಮುಂಚೆ ಬಿಲ್ಲೆಯನ್ನು ಬೆನ್ನ ಹಿಂದಕ್ಕೆ ತಿರುಗಿಸಿ.