ಪೆಟ್ಟಿನ ದೃಶ್ಯವನ್ನು ತೆಗೆದುಹಾಕಿದ ಮೇಲೆ

ಶಹಾಬಾದಿನ ಕಲ್ಲುಗಣಿ ಕಾರ್ಮಿಕರ ಓಣಿಯಲ್ಲಿ ಬೆಳೆಯುವ ಒಂಬತ್ತು ವರ್ಷದ ಹುಡುಗನೊಬ್ಬನ ನೀಳ್ಗತೆಯನ್ನು ನಾನು ಮೂರು ಸಲ ಬರೆದೆ. ಮೊದಲ ಕರಡಿನಲ್ಲಿ ಕುಡಿದು ಬಂದ ತಂದೆ ಮಗನನ್ನು ಹೊಡೆಯುವ ದೃಶ್ಯವೇ ನಾಲ್ಕು ಪುಟಗಳಷ್ಟಿತ್ತು. ಬೆಲ್ಟು, ಬಾಸುಂಡೆ, ಬಿಕ್ಕಳಿಕೆ, ಬಾಗಿಲ ಮರೆಯಲ್ಲಿ ಸೆರಗು ಕಚ್ಚಿ ನಿಂತ ತಾಯಿ, ಯಾವುದಕ್ಕೂ ಕೊರತೆಯಿರಲಿಲ್ಲ. ಬರೆದು ಮುಗಿಸಿದಾಗ ನನ್ನ ಕಣ್ಣೇ ಒದ್ದೆಯಾಗಿದ್ದರಿಂದ ಕಥೆ ಗೆದ್ದಿತೆಂದು ನಂಬಿದ್ದೆ. ಕಲಬುರಗಿಯ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾಗಿದ್ದ ನನ್ನ ಸೋದರತ್ತೆ ಅದನ್ನು ಓದಿ ಕೇಳಿದ್ದು ಒಂದೇ ಪ್ರಶ್ನೆ: “ಹೊಡ್ಯಾಂವ ಕಾಣ್ತಾನ, ಹೊಡಿಸ್ಕೊಂಡಾಂವ ಎಲ್ಲಿ ಅದಾನ?”

ಆ ಮಾತು ಚುಚ್ಚಿತಾದರೂ ಸರಿಯಾಗಿಯೇ ಇತ್ತು. ಪೆಟ್ಟಿನ ದೃಶ್ಯದಲ್ಲಿ ಮಗು ಏಟು ಬೀಳುವ ಒಂದು ಮೈ ಮಾತ್ರವಾಗಿರುತ್ತದೆ. ಪೆಟ್ಟಿನ ಪರಿಣಾಮ ಕಾಣಿಸುವುದು ದಿನದ ಉಳಿದ ಗಂಟೆಗಳಲ್ಲಿ. ಹಾಗಾಗಿ ಎರಡನೆಯ ಕರಡನ್ನು ಸಂಜೆ ಆರೂವರೆಯಿಂದ ಆರಂಭಿಸಿದೆ. ಹುಡುಗ ಮಗ್ಗಿ ಬರೆಯುತ್ತ ಕುಳಿತಿದ್ದಾನೆ, ಆದರೆ ಅವನ ಕಿವಿ ಗಲ್ಲಿಯ ತಿರುವಿನಲ್ಲಿದೆ. ಅಪ್ಪನ ಬೈಕು ತಿರುವಿನಲ್ಲಿ ನಿಧಾನವಾದರೆ ಒಂದು ಲೆಕ್ಕ, ನಿಧಾನವಾಗದೆ ಬಂದರೆ ಇನ್ನೊಂದು. ಸ್ಟ್ಯಾಂಡು ಹಾಕುವಾಗ ಹಾಸುಗಲ್ಲಿನ ಮೇಲೆ ಎರಡು ಸಲ ಕರ್ ಎಂದರೆ ತಂಗಿಯನ್ನು ಅಜ್ಜಿಯ ಕೋಣೆಗೆ ಕಳಿಸಬೇಕು, ಬಾಗಿಲಲ್ಲಿ ಬಿದ್ದ ಚಪ್ಪಲಿಗಳನ್ನು ಸರಿಸಬೇಕು, ನೀರಿನ ತಂಬಿಗೆಯನ್ನು ಕೈಗೆ ಸಿಗುವಂತೆ ಇಡಬೇಕು. ಇಷ್ಟನ್ನೂ ಅವನು ಅಳದೆ, ಗಡಿಬಿಡಿಯಿಲ್ಲದೆ, ನುರಿತ ಕೆಲಸಗಾರನಂತೆ ಮಾಡುತ್ತಾನೆ. ಮನೋವಿಜ್ಞಾನದವರು ಇದನ್ನು ಅತಿಜಾಗರೂಕತೆ ಎನ್ನುತ್ತಾರೆ. ಕಥೆಯಲ್ಲಿ ಆ ಪದ ಒಮ್ಮೆಯೂ ಬರಕೂಡದೆಂದು ನನಗೆ ನಾನೇ ಕಟ್ಟು ಹಾಕಿಕೊಂಡೆ. ಅದೇ ಕಿವಿಯನ್ನು ಹೊತ್ತುಕೊಂಡು ಶಾಲೆಗೆ ಹೋಗುವ ಹುಡುಗನಿಗೆ ಪಾಠಕ್ಕಿಂತ ವರಾಂಡದ ಹೆಜ್ಜೆಗಳು ಮೊದಲು ಕೇಳುವುದರಿಂದ ಮಾಸ್ತರರು ಅವನಿಗೆ ಲಕ್ಷ್ಯವಿಲ್ಲವೆಂದು ಬರೆಯುತ್ತಾರೆ. ನಾನೂ ಕೆಲವು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವನು. ಎಷ್ಟು ಪ್ರಗತಿಪತ್ರಗಳ ಮೇಲೆ ಅದೇ ಮಾತನ್ನು ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ.

ಹಾಗೆಂದು ಯಾವ ವಿದ್ಯಾರ್ಥಿಯ ಬದುಕನ್ನೂ ಎತ್ತಿಕೊಂಡು ಬರೆಯಲಿಲ್ಲ. ಶಹಾಬಾದಿನಂಥ ಊರಿನಲ್ಲಿ ಒಂದು ಓಣಿ, ಒಂದು ಬೈಕು, ಒಬ್ಬ ತಂಗಿ ಎಂದರೆ ಸಾಕು, ಇವನು ಇಂಥವರ ಮಗನೆಂದು ಜನ ಬೆರಳು ತೋರಿಸುತ್ತಾರೆ.

ಭಾಷೆಯ ತೊಡಕು ಇನ್ನೂ ದೊಡ್ಡದಾಗಿತ್ತು. ಮೊದಲ ಕರಡಿನ ಹುಡುಗ “ನನಗೆ ಭಯವಾಗುತ್ತದೆ, ಯಾರೂ ನನ್ನವರಿಲ್ಲ” ಎಂದು ಪುಸ್ತಕದ ಮಾತಾಡುತ್ತಿದ್ದ. ಒಂಬತ್ತು ವರ್ಷದ ಮಗು ಹೇಳುವುದು “ಹೊಟ್ಟಿ ಕಡಿಲತ್ತದ್ರಿ” ಎಂದು. ಅದು ಸುಳ್ಳಲ್ಲ, ನೆಪವೂ ಅಲ್ಲ. ಹೆದರಿಕೆಯಲ್ಲೇ ಬೆಳೆದ ಮಕ್ಕಳಿಗೆ ಹೊಟ್ಟೆ, ತಲೆ ನಿಜವಾಗಿಯೇ ನೋಯುತ್ತವೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ರೂಢಿ ಮರಳುತ್ತದೆ. ಆದ್ದರಿಂದ ನಿರೂಪಣೆಯನ್ನು ಗ್ರಾಂಥಿಕ ಕನ್ನಡದಲ್ಲಿಯೇ ಉಳಿಸಿ, ಹುಡುಗನಿಗೆ ಇಡೀ ಕಥೆಯಲ್ಲಿ ನೋವಿನ ಬಗ್ಗೆ ಆ ಒಂದೇ ವಾಕ್ಯವನ್ನು ಕೊಟ್ಟೆ.

ಎಲ್ಲಕ್ಕಿಂತ ಕಷ್ಟವಾದದ್ದು ತಂದೆಯ ಮೇಲಿನ ಪ್ರೀತಿ. ಭಾನುವಾರ ಅಪ್ಪ ಮಗನನ್ನು ಬೈಕಿನ ಮುಂದೆ ಕೂರಿಸಿಕೊಂಡು ವಾಡಿಗೆ ಕರೆದೊಯ್ಯುತ್ತಾನೆ, ಸುಸಲಾ, ಮಿರ್ಚಿ ಭಜಿ ಕೊಡಿಸುತ್ತಾನೆ, ಗೂಡ್ಸು ಗಾಡಿಯ ಡಬ್ಬಿ ಎಣಿಸಲು ಕಲಿಸುತ್ತಾನೆ; ಹುಡುಗನ ಅತ್ಯಂತ ಸುಖದ ನೆನಪು ಅದೇ. ಇದನ್ನು ಓದಿದ ಗೆಳೆಯರೊಬ್ಬರು ನಾನು ತಂದೆಯ ಪರ ವಹಿಸುತ್ತಿದ್ದೇನೆಂದು ಸಿಟ್ಟಾದರು. ಆದರೆ ಮಗುವಿಗೆ ಇರುವವನು ಅವನೊಬ್ಬನೇ ಅಪ್ಪ. ಅಪ್ಪ ಕೆಟ್ಟವನೆಂದುಕೊಂಡರೆ ಮಗುವಿಗೆ ನಿಲ್ಲಲು ನೆಲವಿಲ್ಲ. ತಾನೇ ಕೆಟ್ಟವನೆಂದುಕೊಂಡರೆ ನಾಳೆ ತಾನು ಸರಿಯಾದಾಗ ಎಲ್ಲವೂ ಸರಿಹೋದೀತೆಂಬ ಆಸೆಯಾದರೂ ಉಳಿಯುತ್ತದೆ. ಆ ತಪ್ಪು ತಿಳಿವಳಿಕೆಗೆ ನಮ್ಮ ಭಾಗದ “ಛಡಿ ಚಂ ಚಂ, ವಿದ್ಯಾ ಘಂ ಘಂ” (ಬೆತ್ತ ಬಿದ್ದರೆ ವಿದ್ಯೆ ಬರುತ್ತದೆ) ಎಂಬ ಮಾತು ನೀರೆರೆಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಯಲ್ಲಿ ಛಡಿಯನ್ನು ನಿಷೇಧಿಸಿತು. ಗಾದೆ ಮಾತ್ರ ಇನ್ನೂ ಬಾಯಲ್ಲಿದೆ.

ಹುಡುಗ ಬಾಯಿಬಿಡುವ ಭಾಗವನ್ನೂ ಕೆಡವಿ ಕಟ್ಟಬೇಕಾಯಿತು. ಮೊದಲು ಅವನು ಟೀಚರಮ್ಮನ ಮುಂದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದ. ಅಮೆರಿಕದ ಮನೋವೈದ್ಯ ರೋಲಂಡ್ ಸಮಿಟ್ ಅವರು 1983ರಲ್ಲಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಕುರಿತು ಬರೆಯುತ್ತ, ಮಗು ತಡವಾಗಿ, ನಂಬಲಾಗದ ರೀತಿಯಲ್ಲಿ ಹೇಳುವುದನ್ನೂ ಆಮೇಲೆ ಹೇಳಿದ್ದನ್ನು ಹಿಂತೆಗೆದುಕೊಳ್ಳುವುದನ್ನೂ ಗುರುತಿಸಿದ್ದರು. ನನ್ನ ಕಥೆಯ ಹಿಂಸೆ ಬೇರೆಯ ಬಗೆಯದಾದರೂ ಆ ನಡೆ ಉಪಯೋಗಕ್ಕೆ ಬಂತು: ಹುಡುಗ ಅರ್ಧ ಹೇಳುತ್ತಾನೆ, ಟೀಚರ ಮುಖ ನೋಡುತ್ತಾನೆ, ಮರುದಿನ “ನಾನೇ ಬಿದ್ದಿನ್ರಿ” ಎನ್ನುತ್ತಾನೆ. ಟೀಚರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡುವುದು ಆ ಸುಳ್ಳನ್ನು ಕೇಳಿದ ಮೇಲೆ. ಮುಂದಿನ ದೃಶ್ಯದಲ್ಲಿ ನಾನು ಹುಡುಗನನ್ನು ಕೋರ್ಟಿನ ಕಟಕಟೆಯಲ್ಲಿ ನಿಲ್ಲಿಸಿದ್ದೆ, ಸಿನಿಮಾ ನೋಡಿ ಕಲಿತ ಕಾನೂನು ಅದು. 2015ರ ಬಾಲನ್ಯಾಯ ಕಾಯ್ದೆಯನ್ನು ಓದಿದ ಮೇಲೆ ಅವನನ್ನು ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರಿರುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕುರ್ಚಿಯಲ್ಲಿ ಕೂರಿಸಿದೆ.

ಪೆಟ್ಟಿನ ದೃಶ್ಯದಲ್ಲಿ ಈಗ ಉಳಿದಿರುವುದು ಒಂದು ವಾಕ್ಯ: ಆ ರಾತ್ರಿ ಗೋಡೆಯ ಕ್ಯಾಲೆಂಡರು ಮೊಳೆಯ ಸಮೇತ ಕೆಳಗೆ ಬಿತ್ತು. ಅದನ್ನೂ ತೆಗೆದರೆ ಓದುಗರಿಗೆ ವಿನಾಯಿತಿ ಕೊಟ್ಟಂತಾಗುತ್ತಿತ್ತು.

ಇನ್ನು ಕೊನೆ. ಇಪ್ಪತ್ತೈದು ವರ್ಷಗಳ ನಂತರ ಅದೇ ಹುಡುಗ ತನ್ನ ಮಗನ ಮೇಲೆ ಕೈಯೆತ್ತುವಲ್ಲಿಗೆ ಮೊದಲ ಕರಡು ಮುಗಿಯುತ್ತಿತ್ತು. ಚಕ್ರ ತಿರುಗಿತೆಂದು ಹೇಳಿ ಕೈತೊಳೆದುಕೊಳ್ಳುವುದು ಕಥೆಗಾರನಿಗೆ ಸುಲಭ. ಬಾಲ್ಯದ ಹಿಂಸೆಗೂ ಮುಂದಿನ ಕಾಯಿಲೆಗಳಿಗೂ ಇರುವ ನಂಟನ್ನು ಅಮೆರಿಕದ ವೈದ್ಯರಾದ ಫೆಲಿಟ್ಟಿ, ಆಂಡಾ ಮತ್ತು ಸಂಗಡಿಗರು 1998ರಲ್ಲಿ ಸಾವಿರಾರು ವಯಸ್ಕರನ್ನು ಕೇಳಿ ತೋರಿಸಿದ್ದರು, ನಿಜ. ಆದರೆ ಗುಂಪಿನ ಲೆಕ್ಕ ಒಬ್ಬ ಹುಡುಗನ ಹಣೆಬರಹವಾಗುವುದಿಲ್ಲ. ಪೆಟ್ಟು ತಿಂದು ಬೆಳೆದವರಲ್ಲಿ ಹೆಚ್ಚಿನವರು ತಮ್ಮ ಮಕ್ಕಳನ್ನು ಹಾಗೆ ಹಿಂಸಿಸುವುದಿಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಗಮನಿಸಿದ ಮನೋವಿಜ್ಞಾನಿ ಎಮ್ಮಿ ವರ್ನರ್ ಅವರಿಗೆ, ಬಲು ಕಷ್ಟದಲ್ಲಿ ಬೆಳೆದವರಲ್ಲಿ ಮೂರನೆಯ ಒಂದು ಭಾಗದಷ್ಟು ಮಂದಿ ಸಮರ್ಥರಾಗಿ ನಿಂತದ್ದು ಕಂಡಿತ್ತು. ಅಂಥವರ ಹಿಂದೆ ನೆಚ್ಚಬಹುದಾದ ಹಿರಿಯರೊಬ್ಬರು ಇರುತ್ತಿದ್ದರು. ನನ್ನ ಕಥೆಯ ಅಜ್ಜಿಗೆ ಬೆನ್ನೆಲುಬು ಬಂದದ್ದು ಅಲ್ಲಿಂದ. ಅವಳು ಏನನ್ನೂ ಕೇಳುವುದಿಲ್ಲ, ಉಪದೇಶಿಸುವುದಿಲ್ಲ. ರಾತ್ರಿ ಹುಡುಗನನ್ನು ಗೋಡೆಯ ಕಡೆ ಮಲಗಿಸಿ ತಾನು ಬಾಗಿಲ ಕಡೆ ಮಲಗುತ್ತಾಳೆ.

ಮೂರನೆಯ ಕರಡಿನಲ್ಲಿ ತಂದೆ ಕಟ್ಟಡ ಕೆಲಸಕ್ಕೆಂದು ಪುಣೆಗೆ ಹೋಗಿದ್ದಾನೆ. ಮನೆ ಶಾಂತವಾಗಿದೆ. ಸಂಜೆಯಾಗುತ್ತಲೇ ಹುಡುಗ ಎದ್ದು ಬಾಗಿಲಲ್ಲಿದ್ದ ಚಪ್ಪಲಿಗಳನ್ನು ಸರಿಸುತ್ತಾನೆ. “ಯಾಕ ತೆಗೀತಿ?” ಎಂದು ತಂಗಿ ಕೇಳುತ್ತಾಳೆ, ಅವನಿಗೆ ಗೊತ್ತಿಲ್ಲ. ಇದರ ಕೆಳಗೆ ಇನ್ನೊಂದು ಪ್ಯಾರಾ ಇತ್ತು, ಹುಡುಗ ಯಾಕೆ ಹಾಗೆ ಮಾಡಿದನೆಂದು ಓದುಗರಿಗೆ ಬಿಡಿಸಿ ಹೇಳುವಂಥದ್ದು. ಅತ್ತೆಗೆ ತೋರಿಸುವ ಮೊದಲೇ ಅದನ್ನು ಹೊಡೆದುಹಾಕಿದೆ.